ಕುಂಕುಮ ಮೆತ್ತಿದ ಸಿಡಿ

ಭುವನೇಶ್ವರಿ ಯಾರನ್ನೂ ನಂಬುವ ಹೆಂಗಸಲ್ಲ. ಬಿಬವೇವಾಡಿಯ ತನ್ನ ಕಸೂತಿ ಅಂಗಡಿಯಲ್ಲಿ ಕತ್ತರಿಯನ್ನೂ ಮೇಜಿನ ಕಾಲಿಗೆ ದಾರ ಹಾಕಿ ಕಟ್ಟಿದ್ದಾಳೆ. ಗಂಡ ಸಕ್ಕರೆ ತಂದರೆ ಕಿರಾಣಿಯವನಿಗೆ ಫೋನ್ ಮಾಡಿ ತೂಕ ವಿಚಾರಿಸುತ್ತಾಳೆ. ಇದಕ್ಕೆ ಎಚ್ಚರಿಕೆ ಎಂಬ ಒಳ್ಳೆಯ ಹೆಸರು ಬೇಡ. ಇದು ಸಂಶಯ, ಅಷ್ಟೆ.

ಇಂಥವಳ ಹಳೆಯ ಕಂಪ್ಯೂಟರ್ ಸರಿಯಾಗಿ ಯಮನವ್ವನ ಮೊಮ್ಮಗನ ತೊಟ್ಟಿಲ ಕಾರ್ಯ ಹತ್ತಿರ ಬಂದಾಗಲೇ ಸತ್ತಿತು. ಯಮನವ್ವ ಸುರಪುರದ ಕಡೆಯವಳು, ಇಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಕೂಸಿನ ತಲೆಗೆ ಹೊದಿಸುವ ಕುಂಚಿಗೆಯ ಮೇಲೆ ಹೆಸರು ಕನ್ನಡದಲ್ಲೇ ಇರಬೇಕೆಂಬುದು ಅವಳ ಹಟ. ಈ ಮರಾಠಿ ಊರಿನಲ್ಲಿ ಕಸೂತಿ ಯಂತ್ರಕ್ಕೆ ಬೇಕಾದ ಕನ್ನಡ ಅಕ್ಷರಗಳಿದ್ದದ್ದು ಭುವನೇಶ್ವರಿಯ ಬಳಿ ಮಾತ್ರ. ಒಂದು ಹಳೆಯ ಸಾಫ್ಟ್‌ವೇರಿನಲ್ಲಿ ಅವಳೇ ಒಂದೊಂದಾಗಿ ಕೂತು ಬಿಡಿಸಿದ ಅಕ್ಷರಗಳವು. ಪೆನ್‌ಡ್ರೈವಿನಲ್ಲಿ ಅವು ಉಳಿದಿದ್ದವು. ತೆರೆಯಲು ಆ ಸಾಫ್ಟ್‌ವೇರೇ ಬೇಕು. ಸತ್ತದ್ದರ ಬದಲು ತಂದ ಹೊಸ ಕಂಪ್ಯೂಟರಿಗೋ ಅದರ ಪರಿಚಯವೇ ಇಲ್ಲ.

“ಆಗ್ತೈತೋ ಇಲ್ಲೋ ಹೇಳ್ರಿ ಅಕ್ಕಾರ. ಇಲ್ಲಂದ್ರ ಬರೀ ಹೂವಿಂದು ಹಾಕಸ್ತೀನಿ,” ಎಂದಳು ಯಮನವ್ವ.

“ಹೂವಿಂದು ಹಾಕಿಸಿ ಕೂಸಿಗಿ ಮಲ್ಲಿಗಿ ಅಂತ ಕರೀತೀಯೇನು? ನಾಳಿ ಸಂಜಿಗಿ ಬಾ.”

ಮಾತು ಕೊಟ್ಟಾಗಿತ್ತು. ಭುವನೇಶ್ವರಿ ಇಂಟರ್ನೆಟ್ಟಿನಲ್ಲಿ ಆ ಸಾಫ್ಟ್‌ವೇರಿನ ಹೆಸರು ಹುಡುಕಿದಳು. ಮನುಷ್ಯರನ್ನು ನಂಬದವಳು ‘ಡೌನ್‌ಲೋಡ್’ ಎಂದು ಮಿಣಮಿಣ ಮಿನುಗುವ ಹಸಿರು ಬಟನ್ನನ್ನು ನಂಬಿಬಿಟ್ಟಳು. ಟೀಶರ್ಟಿಗೆ ಹೆಸರು ಹಾಕಿಸಲು ಬಂದಿದ್ದ ಕಾರ್ತಿಕ ಅದನ್ನು ಕಂಡು ಕೂಗಿಕೊಂಡ. ಮಗರಪಟ್ಟಾದ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ, ಮೇಲಿನ ಮನೆಯ ಬಾಡಿಗೆದಾರ.

“ಆಂಟಿ, ಕ್ಲಿಕ್ ಮಾಡ್ಬೇಡಿ! ಮೊದ್ಲು ಆ್ಯಂಟಿವೈರಸ್ ಆಫ್ ಮಾಡಿ ಅಂತಿದೆ ನೋಡಿ. ಕಳ್ಳ ಬಂದು ನಾಯಿ ಕಟ್ಟಾಕಿ ಅಂದ್ರೆ ಕಟ್ಟಾಕ್ತೀರಾ?”

“ಫ್ರೀ ಅದ ಅಂತ ಬರದಾರಲ್ಲೋ ತಮ್ಮಾ.”

“ನೀವು ಯಾರಿಗಾದ್ರೂ ಏನಾದ್ರೂ ಫ್ರೀ ಕೊಟ್ಟಿದೀರಾ?”

ಈ ಪ್ರಶ್ನೆ ಅವಳಿಗೆ ಪೂರ್ತಿ ಅರ್ಥವಾಯಿತು. ತಿಜೋರಿ ತೆಗೆದು, ಧಾರೆಯ ಸೀರೆಯ ಮಡಿಕೆಯೊಳಗಿಂದ ಸಾಫ್ಟ್‌ವೇರಿನ ಅಸಲಿ ಸಿಡಿಯನ್ನು ತಂದಳು. ಅದರ ಹೊಳೆಯುವ ಮೈ ತುಂಬ ಅರಿಶಿನ, ಕುಂಕುಮ.

“ಇದೇನು ಸಿಡಿನಾ, ದೇವರ ಪಟನಾ?”

“ಖಂಡೇನವಮಿಗಿ ಯಂತ್ರದ ಜೋಡಿ ಇದಕ್ಕೂ ಪೂಜಾ ಮಾಡ್ತೀವಿ.”

“ಮಾಡಿ. ಈ ಕಡೆ ಯಾಕೆ ಹಚ್ಚಿದ್ರಿ?”

“ಆ ಕಡಿ ಹೆಸರದ. ಹೆಸರು ಮುಚ್ಚಬಾರದಂತ ಖಾಲಿ ಇದ್ದ ಕಡಿ ಹಚ್ಚೀನಿ.”

ಸಾಫ್ಟ್‌ವೇರ್ ಇದ್ದದ್ದೆಲ್ಲ ಆ ಖಾಲಿಯಲ್ಲೇ. ಕಾರ್ತಿಕ ಮೆತ್ತನೆಯ ಬಟ್ಟೆಯನ್ನು ನೀರಿಗದ್ದಿ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿದ. ಹೊಸ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇರಲಿಲ್ಲ; ಅದಕ್ಕೇ ಅವಳು ಇಂಟರ್ನೆಟ್ಟಿಗೆ ಹೋದದ್ದು. ಅವನು ತನ್ನ ಕೋಣೆಯಿಂದ ಬೇರೊಂದು ಡ್ರೈವ್ ತಂದು ಜೋಡಿಸಿದ. ಅದು ಗೊರಗೊರ ಸದ್ದು ಮಾಡುತ್ತ ಬಹಳ ಹೊತ್ತು ತಿರುಗಿತು. ಭುವನೇಶ್ವರಿ ಕುಂಕುಮದ ಮೇಲಿನ ಭಕ್ತಿಯನ್ನು ಮೊದಲ ಬಾರಿಗೆ ಸಂಶಯಿಸಿದಳು. ಕೊನೆಗೂ ಸಿಡಿ ಓದಿಸಿಕೊಂಡಿತು. ಕಾರ್ತಿಕ ಅದರ ನಕಲು ಮಾಡಿಕೊಂಡು, ವೈರಸ್ ಇಲ್ಲವೆಂದು ಖಾತ್ರಿಪಡಿಸಿಕೊಂಡ.

“ಪಾಸ್‌ವರ್ಡ್ ಹಾಕಿ ಆಂಟಿ.”

“ಆ ಕಡಿ ಮುಖಾ ಮಾಡು.”

ಗೋಡೆಗೆ ಮುಖ ಮಾಡಿ ನಿಂತವನಿಗೆ ಒಂದೇ ಕೀಲಿಯನ್ನು ಟಪಟಪ ಕುಟ್ಟಿದ ಸದ್ದು ಕೇಳಿಸಿತು. ಪಾಸ್‌ವರ್ಡಿನ ಗುಟ್ಟು ಅಲ್ಲೇ ಬಯಲಾಗಿತ್ತು.

“ಹೊಸ ಕಂಪ್ಯೂಟರ್ ಒಳಗೇ ಒಂದು ಹಳೇ ಕಂಪ್ಯೂಟರ್ ಥರ ಮಾಡಿ, ಸಾಫ್ಟ್‌ವೇರನ್ನ ಅದ್ರಲ್ಲಿ ಹಾಕಿದೀನಿ,” ಎಂದು ಆಮೇಲೆ ವಿವರಿಸಿದ. “ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಹೊರಗಿನ ಕಾಟ ಒಳಗೆ ಹೋಗಲ್ಲ.”

“ಅತ್ತಿಯವರಿಗಿ ಬ್ಯಾರೆ ಖೋಲಿ ಕೊಟ್ಟಂಗ.”

“ಫೋನ್ ಇಲ್ಲದ ಖೋಲಿ.”

“ಭಾಳ ಛಲೋ ಆತು!”

ಅಕ್ಷರಗಳು ತೆರೆದುಕೊಂಡವು. ಯಂತ್ರ ಕಟಕಟನೆ ಓಡಿ ಹಳದಿ ಕುಂಚಿಗೆಯ ಮೇಲೆ ನೀಲಿ ದಾರದಲ್ಲಿ ಕೂಸಿನ ಹೆಸರನ್ನು ‘ಜೈಭೀಮ’ ಎಂದು ಹೊಲಿಯಿತು. ಕಾರ್ತಿಕ ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಕೊಟ್ಟ.

“ಇದನ್ನ ಇಲ್ಲಿಡ್ಬೇಡಿ. ಬೆಂಕಿ, ನೀರು ಏನಾದ್ರೂ ಆದ್ರೆ ಎರಡೂ ಹೋಗತ್ತೆ. ಬೇರೆಯವರ ಮನೇಲಿಡಿ.”

“ಬ್ಯಾರೇದವರ ಮನ್ಯಾಗ?”

ಕಿಡ್ನಿ ಕೊಡಿ ಎಂದು ಕೇಳಿದ್ದರೂ ಅವಳು ಅಷ್ಟು ಬೆಚ್ಚುತ್ತಿರಲಿಲ್ಲ. ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು, ಒಬ್ಬೊಬ್ಬರಾಗಿ ತಳ್ಳಿಹಾಕಿದಳು. ಭೋರ್ ಎಂಬ ಊರಿನಲ್ಲಿದ್ದ ತಂಗಿ ಕೊನೆಯವರೆಗೂ ಉಳಿದಿದ್ದಳು. ಅವಳ ಗಂಡನ ನೆನಪಾಗಿ ಅವಳೂ ಬಿದ್ದುಹೋದಳು.

ಮರುದಿನ ಸಂಜೆ ಯಮನವ್ವ ಬಂದಳು. ಓದಲು ಬಾರದಿದ್ದರೂ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು. ಸಿಮೆಂಟು ಕಚ್ಚಿದ ಬೆರಳಿಗೆ ದಾರ ಸಿಕ್ಕೀತೆಂದು ಹೆದರಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ಆಡಿಸಿದಳು. ಭುವನೇಶ್ವರಿ ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕಾರ್ತಿಕ ತುಂಬಿಕೊಟ್ಟ ಪೆನ್‌ಡ್ರೈವನ್ನು ಅವಳ ಕೈಗಿಟ್ಟಳು.

“ಇದನ್ನ ನಿನ್ನ ಟ್ರಂಕಿನ್ಯಾಗ ಇಡು.”

“ಏನೈತ್ರಿ ಇದ್ರಾಗ?”

“ನನ್ನ ಅಕ್ಷರ, ಎಲ್ಲಾ.”

“ನಾ ಊರಿಗಿ ಹೋದ್ರ?”

“ತಗೊಂಡು ಹೋಗು. ಮತ್ತ ಬರ್ತೀಯಲ್ಲ?”

ಯಮನವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು. ಭುವನೇಶ್ವರಿ ಅವಳ ಫೋನ್ ನಂಬರನ್ನೂ ಕೇಳಲಿಲ್ಲ.