ಅಣ್ಣ ನಗದ ಕ್ಯಾಸೆಟ್

ಮೂರ್ಖತನ ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಲಸೂರಿನ ಕೇಬಲ್ ಮಾಲೀಕರನ್ನು ಅವರದೇ ಚಾನೆಲ್ಲಿನಲ್ಲಿ, ಅವರದೇ ಕ್ಯಾಮೆರಾದ ಮುಂದೆ ಅಣಕಿಸಿದವನು ನಾನು. ತೊಂಬತ್ತರ ದಶಕದ ಕೊನೆ; ಎಂ.ಎ. ಓದುತ್ತಿದ್ದೆ. ಸಿನಿಮಾ, ಟಿ.ವಿ.ಗಳು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುವ ಹಾಸ್ಯ ನನ್ನ ಪ್ರಬಂಧದ ವಿಷಯ. ಓದಿದ್ದನ್ನು ಬೀದಿಯಲ್ಲೇ ಪ್ರಯೋಗಿಸಿ ನೋಡುವಷ್ಟು ಬುದ್ಧಿವಂತ ನಾನು.

ಹಬ್ಬದ ದಿನ ಎರಡು ಸಿನಿಮಾಗಳ ನಡುವೆ ಮಿಮಿಕ್ರಿಗೆಂದು ನನಗೆ ಸ್ವಲ್ಪ ಹೊತ್ತು ಕೊಟ್ಟಿದ್ದರು. ಎಲ್ಲರೂ ಅಣ್ಣ ಎನ್ನುತ್ತಿದ್ದ ಆ ಮಾಲೀಕರಂತೆಯೇ ಗದ್ದ ಎತ್ತಿ, ಕೈಯ ಬ್ರೇಸ್‌ಲೆಟ್ ಹಿಂದಕ್ಕೆ ತಳ್ಳಿ, "ಏನ್ರೀ, ನಗಲ್ವಾ? ಲೈನ್ ಕಟ್ ಮಾಡಿಸ್ಲಾ?" ಎಂದು ನೋಡುಗರನ್ನು ಗದರಿದೆ.

ಮರುದಿನ ಬೀದಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಟೀ ಅಂಗಡಿಯಲ್ಲಿ ಗೆಳೆಯನೊಬ್ಬ ಪಕ್ಕಕ್ಕೆ ಎಳೆದು, "ಸಕ್ಕತ್ತಾಗಿತ್ತು ಮಗಾ. ನಾನು ನೋಡ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡ" ಎಂದ.

ಕಾರ್ಯಕ್ರಮದ ಕ್ಯಾಸೆಟ್ ಇದ್ದದ್ದು ಒಂದೇ, ಅದೂ ಅಣ್ಣನ ಹತ್ತಿರ. ಪ್ರಬಂಧದಲ್ಲಿ ಈ ಮಿಮಿಕ್ರಿಯ ಬಗ್ಗೆಯೂ ಬರೆದಿದ್ದೆ; ಕ್ಯಾಸೆಟ್ ಇಲ್ಲದೆ ಅದನ್ನು ಮುಟ್ಟುವುದಿಲ್ಲ ಎಂದಿದ್ದರು ಕಾಲೇಜಿನ ನಮ್ಮ ಗೈಡ್ ಮೇಡಂ. ಅಂದರೆ ಒಂದು ವರ್ಷ ಹೋದಂತೆ. ಕೇಳಲು ಹೋದೆ.

ಹಳೆಯ ಸೊಪ್ಪಿನ ತೋಟದ ಜಾಗದಲ್ಲಿ ಎದ್ದ ಅಣ್ಣನ ಮೂರಂತಸ್ತಿನ ಮನೆ. ನಾನು ಒಳಗೆ ಬಂದಮೇಲೆ ಯಾರೋ ಬಾಗಿಲ ಚಿಲಕ ಹಾಕಿದರು. ಅಲ್ಲೊಂದು ರಿವಾಜಿತ್ತು: ಅಣ್ಣ ನಕ್ಕ ಮೇಲೆಯೇ ಉಳಿದವರು ನಗಬೇಕು. ಕ್ಯಾಸೆಟ್ ಹಾಕಿಸಿದರು. ಪರದೆಯಲ್ಲಿ ನಾನು ಗದ್ದ ಎತ್ತಿದಾಗ ಸುತ್ತ ಕೂತವರೆಲ್ಲ ಅಣ್ಣನ ತುಟಿಯನ್ನೇ ನೋಡುತ್ತಿದ್ದರು. ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಅಣ್ಣ ಅತ್ತ ತಿರುಗಿದರು. ಕೆಮ್ಮು ನಿಂತಿತು. ನನ್ನ ಮಿಮಿಕ್ರಿ ಅಷ್ಟು ಉದ್ದವಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಮುಗಿದ ಮೇಲೆ ಅಣ್ಣ ಕ್ಯಾಸೆಟ್ ಕೈಗೆ ತೆಗೆದುಕೊಂಡು, ಬೆರಳು ತೂರಿಸಿ, ಟೇಪನ್ನು ಒಂದು ಗೇಣು ಹೊರಗೆಳೆದರು.

"ಯಾಕ್ ಬೇಕು ಇದು?"

"ಕಾಲೇಜಿಗಣ್ಣ. ತನ್ನನ್ನ ತಾನೇ ಗೇಲಿ ಮಾಡ್ಕೊಳ್ಳೋ ಹಾಸ್ಯದ ಬಗ್ಗೆ ಬರೀತಿದೀನಿ. ಅದಕ್ಕೆ ಭಾಳ ಧೈರ್ಯ ಬೇಕಂತೆ."

"ಓಹೋ." ಇನ್ನೊಂದು ಗೇಣು ಎಳೆದರು. "ಗೇಲಿ ಆದೋನು ನಾನು. ನೀನೆಲ್ಲಿದೀಯ ಇದ್ರಲ್ಲಿ? ನಿನ್ನನ್ನ ನೀನು ಗೇಲಿ ಮಾಡ್ಕೊಂಡಿರೋ ಜಾಗ ಒಂದು ತೋರ್ಸು, ತಗೊಂಡ್ ಹೋಗು."

ಮನಸ್ಸಿನಲ್ಲೇ ಮಿಮಿಕ್ರಿಯನ್ನು ಮೊದಲಿಂದ ಓಡಿಸಿ ನೋಡಿದೆ. ಗದ್ದದಿಂದ ಬ್ರೇಸ್‌ಲೆಟ್‌ವರೆಗೆ ಅಲ್ಲಿದ್ದದ್ದು ಅಣ್ಣ ಒಬ್ಬರೇ.

"ಇಲ್ವಲ್ಲ?" ಎಂದರು ಅಣ್ಣ, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಕಾಲೇಜ್ ತನಕ ಯಾಕ್ ಹೋಗ್ತೀಯ, ಇಲ್ಲೇ ಫೇಲ್ ನೀನು. ನಡಿ."