ಖಾಲಿ ನೆರಳು

ಲೀಡ್ಸ್ ಹೊರವಲಯದ ಒಂದು ಶೆಡ್ಡಿನಲ್ಲಿ ನನ್ನ ಅಣ್ಣ ಸಣ್ಣ ವಿಮಾನಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ನಾನು ಅಲ್ಲೇ ನೆಲ ಒರೆಸಿ, ಉಪಕರಣಗಳನ್ನು ಎತ್ತಿಡುತ್ತಿದ್ದೆ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನೂ ನೆರಳಿನ ಹಾಗೆ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸಂಜೆ ಎಲ್ಲವೂ ತಂತಮ್ಮ ಜಾಗಕ್ಕೆ ಬಂದರೆ, ಎಂಜಿನ್ನಿನೊಳಗೆ ಏನೂ ಉಳಿದಿಲ್ಲ ಎಂದರ್ಥ.

ಅಣ್ಣ ಕೈ ಒರೆಸಿಕೊಳ್ಳುತ್ತ ದಿನಾ ಕೇಳುತ್ತಿದ್ದ: "ನೆರಳೆಲ್ಲ ಮುಚ್ಚಿದ್ಯಾ ಪುಟ್ಟೀ? ಖಾಲಿ ಬಿಟ್ರೆ ಯಾರನ್ನಾದ್ರೂ ನುಂಗುತ್ತೆ ಕಣೇ."

ಒಂದು ಸಂಜೆ ಮನೆಯ ನಲ್ಲಿ ಬಿಗಿಮಾಡಲೆಂದು ಹಲಗೆಯ ಮೇಲಿನ ಚಿಕ್ಕ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಬೆಳಿಗ್ಗೆ ಬೇಗ ಬಂದು ಇಟ್ಟರಾಯಿತು ಎಂದುಕೊಂಡು, "ಹೂಂ ಅಣ್ಣ" ಅಂದೆ.

ಮರುದಿನ ಬಸ್ಸು ತಡವಾಯಿತು. ನಾನು ಹೋದಾಗ ಅಣ್ಣ ಆ ಖಾಲಿ ಆಕಾರದ ಮುಂದೆ ನಿಂತಿದ್ದ. ಅವನು ರಿಪೇರಿ ಮಾಡಿದ್ದ ವಿಮಾನ ಆಗಲೇ ಹಾರಿತ್ತು. ರೇಡಿಯೋದಲ್ಲಿ ಹೇಳಿಸಿ ಅದನ್ನು ಇಳಿಸಿದ, ಎಂಜಿನ್ ಪೂರ್ತಿ ಬಿಚ್ಚಿ ಹುಡುಕಿದ. ಏನೂ ಸಿಗಲಿಲ್ಲ. ಮಾಲೀಕ ಅವನನ್ನು ಬೈಯುತ್ತಿದ್ದರೂ, ನನ್ನ ಕೆಲಸ ಹೋದೀತೆಂದು ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳುವ ಮುಖವೂ ಉಳಿಯಲಿಲ್ಲ.

ಅಂದಿನಿಂದ ಅವನಿಗೆ ಎಲ್ಲ ಎಂಜಿನ್ನುಗಳಲ್ಲೂ ಒಂದೇ ಸದ್ದು. "ಒಳಗೇನೋ ಅಲ್ಲಾಡ್ತಿದೆ" ಎನ್ನುತ್ತ, ಮುಚ್ಚಿದ್ದನ್ನೇ ಮತ್ತೆ ಬಿಚ್ಚುತ್ತಿದ್ದ. ಕೊನೆಗೆ ಕೆಲಸವನ್ನೇ ಬಿಟ್ಟ.

ಕಳೆದ ಭಾನುವಾರ ಅವನು ನಮ್ಮ ಮನೆಗೆ ಬಂದಿದ್ದ. ಟೀ ಕುಡಿಯುತ್ತಿದ್ದವನು ತಲೆ ವಾಲಿಸಿ ಅಡುಗೆಮನೆಯ ಡ್ರಾಯರನ್ನೇ ನೋಡಿದ. ಆ ಸ್ಪ್ಯಾನರನ್ನು ಬಟ್ಟೆ ಸುತ್ತಿ ಇಟ್ಟಿರುವುದು ಅಲ್ಲೇ. ಅದನ್ನು ಯಾರೂ ಮುಟ್ಟಿರಲಿಲ್ಲ.

"ಏನೋ ಅಲ್ಲಾಡ್ತಿದೆ. ಕೇಳಿಸ್ತಾ ಪುಟ್ಟೀ?"

ನನಗೂ ಕೇಳಿಸಿತು.

"ಏನಿಲ್ಲ ಅಣ್ಣ" ಅಂದೆ.