ನಾಲ್ಕನೇ ಸುತ್ತಿಲ್ಲದ ಕೋಟೆ

ಹಳೇ ಪ್ಲಾಸ್ಟಿಕ್ಕು ಬಿಸಿಯಾದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ಚಳ್ಳಕೆರೆಯ ನನ್ನ ಹಳೇ ಸಾಮಾನಿನ ಅಂಗಡಿಗೆ ಬಂದ ರಟ್ಟಿನ ಡಬ್ಬಿಯಲ್ಲಿ ಅದೇ ವಾಸನೆಯ, ಟಿವಿಗೆ ಸಿಕ್ಕಿಸುವ ಕೀಬೋರ್ಡ್ ಕಂಪ್ಯೂಟರೊಂದಿತ್ತು, ಜೊತೆಗೊಂದು ಆಟದ ಕ್ಯಾಸೆಟ್ಟು. ಅದರ ಮೇಲೆ ನಾಲ್ಕು ಸುತ್ತಿನ ಕೋಟೆ, ತೆರೆದ ಬಾಗಿಲು, ನೀಲಿ ಆಕಾಶದ ಚಿತ್ರ ಕಂಡದ್ದೇ ಮೈ ಉರಿದುಹೋಯಿತು. ಕೋಟೆ ಹತ್ತುವ ಆಟ!

ನಾವು ಚಿಕ್ಕವರಿದ್ದಾಗ ಅದು ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ಆಳೆತ್ತರದ ಪೆಟ್ಟಿಗೆಯಾಗಿ ನಿಂತಿತ್ತು. ಕತ್ತಿ ಹಿಡಿದವನು ನಾಲ್ಕು ಸುತ್ತಿನ ಕೋಟೆ ಹತ್ತಬೇಕು. ನಾಲ್ಕನೆಯದು ದಾಟಿದರೆ ಬಾಗಿಲು ತೆರೆದು ಆಕಾಶ. ಹೆಣ್ಣುಮಕ್ಕಳು ಅಲ್ಲಿ ಕಾಲಿಡುವಂತಿರಲಿಲ್ಲ. ನಮ್ಮಕ್ಕ ಎದುರಿನ ಹಿಟ್ಟಿನ ಗಿರಣಿಯಲ್ಲಿ ಸರದಿಗೆ ನಿಂತೇ, ಆಡುವವರ ಭುಜದ ಸಂದಿಯಿಂದ ಇಡೀ ಆಟ ಕಲಿತಿದ್ದಳು. "ನಾನೂ ಒಂದ್ಸಲ ಆ ಬಾಗಿಲು ತೆಗೀಬೇಕಲೇ" ಅನ್ನುವಳು.

ಆ ಆಟವನ್ನೇ ಮನೆಗೆ ತರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟೆ. ಅಪ್ಪ ಕುರಿ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿ ಬೆಳೆದವನು ನಾನು. ಇಂಥದೇ ಕಂಪ್ಯೂಟರು, ಇದೇ ಆಟದ ಕ್ಯಾಸೆಟ್ಟು ಕೊಳ್ಳಲು ಎಲೆಕ್ಟ್ರಾನಿಕ್ ಅಂಗಡಿಯವನ ಕೈಮೇಲೂ ಟವೆಲ್ ಹಾಕಿದೆ! ಅವನು ನಗುತ್ತಲೇ ಬೆರಳು ಕೊಟ್ಟ. "ಆ ದೊಡ್ಡ ಪೆಟ್ಟಿಗೇಲಿರೋ ಆಟಾನೇ ಕಣೋ ತಮ್ಮಾ, ಮನೆಗೆ ಬಂದೈತೆ ಅಷ್ಟೇ."

ಅರ್ಧಕ್ಕಿಳಿಸಿ ಗೆದ್ದೆ ಅಂದುಕೊಂಡೆ. ಅಪ್ಪ ಟವೆಲ್ ಹಾಕುವ ಮುಂಚೆ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ನಾನು ಅದೊಂದನ್ನು ಮರೆತೆ. ನೀವು ಮರೆಯಬೇಡಿ. ದರ ಇಳಿಸುವ ಖುಷಿಯಲ್ಲಿ ಮಾಲು ನೋಡದವನೇ ದೊಡ್ಡ ಗಿರಾಕಿ.

ಮನೆಯಲ್ಲಿ ಅಕ್ಕ ಮೂರು ಸುತ್ತು ಹತ್ತುವಳು, ಕತ್ತಿಯವನು ಮತ್ತೆ ಮೊದಲ ಸುತ್ತಿನ ನೆಲದ ಮೇಲೆ ನಿಂತಿರುತ್ತಿದ್ದ.

"ಇದ್ರಾಗೆ ನಾಲ್ಕನೇದು ಇಲ್ಲ ಕಣಲೇ."

"ಐತೆ. ನಿನಗೆ ಆಡೋಕೆ ಬರಲ್ಲ ಅಷ್ಟೇ."

ನನ್ನ ವ್ಯಾಪಾರದ ಮರ್ಯಾದೆ ಉಳಿಸಲು ಆಡಿದ ಮಾತು. ಅಕ್ಕ ನಂಬಿದಳು. ಬೇಸಿಗೆ ರಜೆಯಿಡೀ ಹೆಬ್ಬೆರಳಿನ ಚರ್ಮ ಕಿತ್ತುಬರುವಂತೆ ಆಡಿ, ಕೊನೆಗೊಂದು ದಿನ "ನನ್ನ ಕೈಯೇ ಸರಿಯಿಲ್ಲ" ಅಂತ ಎದ್ದುಹೋದವಳು ಮತ್ತೆ ಮುಟ್ಟಲಿಲ್ಲ.

ಮೊನ್ನೆ ನಾನೇ ಕೂತು ಆಡಿದೆ. ಬೆವರಿಳಿಸಿ ಮೂರು ಸುತ್ತು ಹತ್ತಿದೆ. ದೊಪ್ಪನೆ ನೆಲ! ಹತ್ತು ಸಲ ಹತ್ತಿದರೂ ಅದೇ ನೆಲ. ದೊಡ್ಡ ಪೆಟ್ಟಿಗೆಯ ಆಟ ಅಂಗೈಯಗಲದ ಕ್ಯಾಸೆಟ್ಟಿನಲ್ಲಿ ಹಿಡಿಸಲಿಲ್ಲವೇ, ಬಿಡ್ರಪ್ಪ, ಒಪ್ಪಿದೆ. ಹಾಗಾದರೆ ಮೇಲೆ ಮೂರೇ ಸುತ್ತು ಬರೆಯಿರಿ! ಆ ತೆರೆದ ಬಾಗಿಲನ್ನು, ಆ ನೀಲಿ ಆಕಾಶವನ್ನು ಯಾವ ಮುಖ ಇಟ್ಟುಕೊಂಡು ಅಚ್ಚು ಹಾಕಿದಿರಿ? ಹೀಗೆ ಆಟ ಮಾಡಿದವರನ್ನು ಒಬ್ಬನೇ ಕೂತು ಬೈಯುತ್ತಿದ್ದೆ. ಬೈಗುಳ ಸುತ್ತಿ ನನ್ನ ಬುಡಕ್ಕೇ ಬಂತು. ಅವರು ಮಾರಿದ್ದು ಬರೀ ಚಿತ್ರ. ಅಕ್ಕನ ಕೈಗೆ ಆಡೋಕೆ ಬರಲ್ಲವೆಂದು ಹೆಸರಿಟ್ಟವನು ನಾನು.

ಮೊಳಕಾಲ್ಮುರಿಗೆ ಫೋನ್ ಮಾಡಿದೆ. ಅಕ್ಕ ಅಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ವಿಷಯ ಹೇಳಿದೆ. ಹಿಂದೆ ಕೇಳುತ್ತಿದ್ದ ಮಗ್ಗದ ಸದ್ದು ನಿಂತಿತು.

"ಹಂಗಾದ್ರೆ ಇದ್ದ ಮೂರನ್ನೂ ನಾನು ಹತ್ತಿದ್ನಾ?"

"ಹತ್ತಿದ್ದೆ ಅಕ್ಕಾ."

"ಫೋನ್ನಾಗೆ ಹೇಳಿ ಕೈ ತೊಳ್ಕಬೇಡ. ಆ ಡಬ್ಬಿ ಹೊತ್ಕಂಡು ಬಾ. ದಿನವಿಡೀ ನೀನು ಹತ್ತು. ನಿನಗೆ ಆಡೋಕೆ ಬರಲ್ಲ ಅಂತ ನಾನು ಹಿಂದೆ ನಿಂತು ಹೇಳ್ತಿರ್ತೀನಿ."

ಅಷ್ಟರಲ್ಲಿ ಒಬ್ಬ ಗಿರಾಕಿ ಡಬ್ಬಿ ಎತ್ತಿ ಹಿಡಿದು, "ಎಷ್ಟಕ್ಕೆ ಕೊಡ್ತೀರಿ?" ಅಂದ.

"ಕೊಡಲ್ಲ ಕಣ್ರಿ" ಅಂದು ಅವನ ಕೈಯಿಂದ ಕಿತ್ತುಕೊಂಡು, ಅಂಗಡಿ ಬಾಗಿಲೆಳೆದು, ಮೊಳಕಾಲ್ಮುರು ಬಸ್ಸು ಹತ್ತಿದೆ.